ನಿಂತುಕೊಂಡಿದ್ದ ಅಡ್ಡಗೆರೆ

ತ್ಯಾಗರಾಜನಗರದ ನಮ್ಮ ಮನೆಗೆ ನಾಣ್ಯ ಹಾಕಿ ಆಡುವ ಪ್ಯಾಕ್‌ಮ್ಯಾನ್ ವಿಡಿಯೊ ಗೇಮ್ ಯಂತ್ರ ಬಂದು ಮೂರು ತಿಂಗಳಾದರೂ ಅದರ ಪರದೆಯಲ್ಲಿ ಕಂಡದ್ದು ಒಂದೇ ಗೆರೆ. ನಟ್ಟನಡುವೆ, ಮೇಲಿನಿಂದ ಕೆಳಗೆ, ಟ್ಯೂಬ್‌ಲೈಟನ್ನು ನೆಟ್ಟಗೆ ನಿಲ್ಲಿಸಿದಂತೆ. ನಾಣ್ಯ ಹಾಕಿದರೆ ಸದ್ದೆಲ್ಲ ಸರಿಯಾಗಿಯೇ ಬರುತ್ತಿತ್ತು. ಅಂದರೆ ಗೇಮ್ ಬೋರ್ಡಿಗೆ ಜೀವವಿದೆ, ಕೆಟ್ಟಿರುವುದು ಮಾನಿಟರ್. 1980ರ ಆಟ, ಗುಜರಿ ಬೆಲೆಗೆ ಸಿಕ್ಕಿತ್ತು. ಈ ಜಾಗದಲ್ಲಿ ಒಂದು ಬೀರು ಇಟ್ಟಿದ್ದರೆ ಸೀರೆಯಾದರೂ ಇಡಬಹುದಿತ್ತು ಎಂದು ಅಮ್ಮನ ಗೊಣಗಾಟ.

ಯಂತ್ರ ಅಮೆರಿಕದ್ದು, 110 ವೋಲ್ಟಿನದು. ನಮ್ಮ ಮನೆಯ ಕರೆಂಟನ್ನು ಅಷ್ಟಕ್ಕೆ ಇಳಿಸಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಬಹಳಷ್ಟು ಆಟೊ ಟ್ರಾನ್ಸ್‌ಫಾರ್ಮರ್‌ಗಳು. ವೋಲ್ಟೇಜ್ ಇಳಿಸುತ್ತವೆ, ಯಂತ್ರವನ್ನು ಮನೆಯ ಮೇನ್ಸ್ ಲೈನಿನಿಂದ ಬೇರ್ಪಡಿಸುವುದಿಲ್ಲ. ಇಂಥ ಹಳೆಯ ಮಾನಿಟರುಗಳ ಶಾಸಿಯಲ್ಲೇ, ಅಂದರೆ ಲೋಹದ ಚೌಕಟ್ಟಿನಲ್ಲೇ, ಕರೆಂಟ್ ಇರಬಹುದಾದ್ದರಿಂದ ನಾನು ಎಸ್.ಪಿ. ರಸ್ತೆಯಲ್ಲಿ ಹುಡುಕಿ, ಒಳಗಿನ ಎರಡು ತಂತಿಸುತ್ತುಗಳು ಬೇರೆಬೇರೆ ಇರುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ತಂದೆ. ಹೊರಲು ಭಾರ, ಆದರೆ ಇದರಲ್ಲಿ ಜಿಪುಣತನ ಬೇಡ.

ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್ ಸುಮಾರು 20,000 ವೋಲ್ಟನ್ನು ಹಿಡಿದಿಟ್ಟುಕೊಂಡಿರಬಹುದು. ಅದನ್ನು ಖಾಲಿ ಮಾಡಲು ಉದ್ದನೆಯ ಸ್ಕ್ರೂಡ್ರೈವರಿಗೆ ತಂತಿ ಸುತ್ತಿ, ಇನ್ನೊಂದು ತುದಿಯನ್ನು ಟ್ಯೂಬಿನ ಹಿಂಬದಿಯ ಹೆಣೆದ ಅರ್ತ್ ತಂತಿಗೆ ಕ್ಲಿಪ್ ಮಾಡಿದೆ. ಎಡಗೈ ಜೇಬಿನಲ್ಲಿ. ಹೈವೋಲ್ಟೇಜ್ ತಂತಿ ಟ್ಯೂಬಿಗೆ ಸೇರುವಲ್ಲಿನ ರಬ್ಬರ್ ಟೋಪಿಯ ಕೆಳಗೆ ತುದಿಯನ್ನು ಮೆಲ್ಲಗೆ ತೂರಿಸಿದೆ: ಟಪ್! ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ; ಗಾಜಿನಲ್ಲಿ ಉಳಿದ ಚಾರ್ಜ್ ಮತ್ತೆ ಮೇಲೇಳುತ್ತದೆ. ಎರಡನೆಯ ಸಲ ಸಣ್ಣಗೆ ಚಟ್ ಎಂದಿತು.

ಗೆರೆ ನಿಂತಿದೆ, ಅಂದರೆ ಚಿತ್ರ ಅಗಲಕ್ಕೆ ಹರಡುತ್ತಿಲ್ಲ, ಹಾಗಾದರೆ ದೋಷ ಚಿತ್ರವನ್ನು ಅಡ್ಡಕ್ಕೆ ಹರಡುವ ಹಾರಿಜಾಂಟಲ್ ಭಾಗದಲ್ಲೇ, ಅಂದರೆ ಲೈನ್ ಸೆಕ್ಷನ್ನಿನಲ್ಲೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಎರಡು ಭಾನುವಾರ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್, ಸುತ್ತಲಿನ ಕೆಪಾಸಿಟರ್ ಎಲ್ಲ ಬದಲಾಯಿಸಿದೆ. ಗೆರೆ ಕದಲಲಿಲ್ಲ.

ಕೊನೆಗೆ ಪಕ್ಕದ ರಸ್ತೆಯ ಹಳೆಯ ಟಿ.ವಿ. ಮೆಕ್ಯಾನಿಕರನ್ನು ಕರೆದುಕೊಂಡು ಬಂದೆ. ಅವರು ಮೀಟರ್ ಮುಟ್ಟಲೇ ಇಲ್ಲ, ಕತ್ತು ಓರೆ ಮಾಡಿ ಟ್ಯೂಬನ್ನೇ ನೋಡಿದರು.

"ಟ್ಯೂಬನ್ನೇ ಮಲಗಿಸಿದ್ದಾರಲ್ಲ ಸ್ವಾಮಿ! ನಿಮಗೆ ನಿಂತ ಗೆರೆ, ಅದಕ್ಕೆ ಅಡ್ಡಗೆರೆ. ವರ್ಟಿಕಲ್ ಸೆಕ್ಷನ್ ನೋಡಿ. ಲೈನ್ ಸೆಕ್ಷನ್ ಸತ್ತಿದ್ದರೆ ಇ.ಎಚ್.ಟಿ., ಟ್ಯೂಬಿನ ಆ ಹೈವೋಲ್ಟೇಜು, ಎಲ್ಲಿಂದ ಬರಬೇಕು? ಇಷ್ಟು ಬೆಳಕೂ ಇರುತ್ತಿರಲಿಲ್ಲ."

ಪ್ಯಾಕ್‌ಮ್ಯಾನ್‌ನ ಚಿತ್ರ ನೀಳವಾದದ್ದು. ಅದಕ್ಕಾಗಿ ಮಾನಿಟರನ್ನು ಕಾಲು ಸುತ್ತು ತಿರುಗಿಸಿ ಕೂರಿಸಿರುತ್ತಾರೆ. ಅದನ್ನು ಓದಿದ್ದೆ, ಕೈಯಾರೆ ಬಿಚ್ಚಿಯೂ ಇದ್ದೆ, ಆದರೂ ಹೊಳೆದಿರಲಿಲ್ಲ.

ಟ್ಯೂಬಿನ ಕತ್ತಿಗೆ ಹಾಕಿದ, ಚಿತ್ರವನ್ನು ಹರಡುವ ಸುರುಳಿಯಾದ ಯೋಕ್‌ನ ತಂತಿಗಳು ಬೋರ್ಡಿಗೆ ಸೇರುವ ಪಿನ್ನುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದರ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಮೆಕ್ಯಾನಿಕರ ಮಾತಿನಲ್ಲಿ ಡ್ರೈ ಸೋಲ್ಡರ್. ಕಾದು ತಣಿದು, ಕಾದು ತಣಿದು, ಬೆಸುಗೆ ಪಿನ್ನಿನಿಂದ ಬಿಟ್ಟುಕೊಂಡಿತ್ತು. ಹಳೆಯ ಸೀಸವನ್ನು ಹೀರಿ ತೆಗೆದು, ಪಿನ್ ಕೆರೆದು, ಹೊಸದಾಗಿ ಬೆಸೆದೆ. ಐದು ನಿಮಿಷದ ಕೆಲಸ.

ಸ್ವಿಚ್ ಒತ್ತಿದಾಗ ಗೆರೆ ಬಾಗಿಲಿನಂತೆ ಎರಡೂ ಕಡೆಗೆ ತೆರೆದುಕೊಂಡಿತು. ಆದರೆ ಚಿತ್ರ ಸ್ವಲ್ಪ ಇಕ್ಕಟ್ಟು. ವರ್ಷಗಟ್ಟಲೆ ಅದೇ ಆಟ ಓಡಿ ಗಾಜಿನ ಒಳಗೆ ಚಕ್ರವ್ಯೂಹದ ಅಚ್ಚು ಸುಟ್ಟು ಉಳಿದಿತ್ತಲ್ಲ, ಅದನ್ನೇ ಅಳತೆಪಟ್ಟಿ ಮಾಡಿಕೊಂಡೆ. ಅಮ್ಮ ಮುಂದೆ ನಿಂತು "ಇನ್ನೂ ಸ್ವಲ್ಪ... ಸಾಕು, ಸಾಕು" ಎನ್ನುತ್ತಿದ್ದರು. ನಾನು ಹಿಂದಿನಿಂದ ಪ್ಲಾಸ್ಟಿಕ್ ಕಡ್ಡಿಯಲ್ಲಿ ವರ್ಟಿಕಲ್ ಸೈಜ್ ತಿರುಗಿಸುತ್ತ, ನೀಲಿ ಗೋಡೆಗಳನ್ನು ಆ ಹಳೆಯ ಕಲೆಯ ಮೇಲೆ ಕೂರಿಸಿದೆ.