ಡಿಸ್ಕ್ ಕೆಟ್ಟ ರಾತ್ರಿಯೇ ಮೊಬೈಲ್‌ಗೆ ಸುದ್ದಿ: ಗದಗಿನ ಪ್ರೆಸ್ಸೊಂದರಲ್ಲಿ ನನ್ನ ಅನುಭವ

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನ ಫೈಲ್ ಸರ್ವರ್ ನನ್ನ ಜವಾಬ್ದಾರಿ. 4 ಟಿಬಿಯ ನಾಲ್ಕು ಡಿಸ್ಕ್, ರೇಡ್ 6 (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ), ಎಲ್ಲಾ ಎಂಡಿಎಡಿಎಂ ಎಂಬ ಲಿನಕ್ಸ್ ಸಾಫ್ಟ್‌ವೇರ್ ಮೇಲೆ. 'ಸಾಫ್ಟ್‌ವೇರ್ ರೇಡ್ ನಂಬಿ ಕೂತ್ರ ಕೆಲ್ಸ ಕೆಡ್ತದ ನೋಡ್ರಿ' ಎಂದು ಹುಬ್ಬಳ್ಳಿಯ ನಮ್ಮ ಲೈನಿನವರೇ ಮಾಲೀಕರಿಗೆ ಹೇಳಿದ್ದರು. ಇದೇ ಕೆಲಸಕ್ಕೆ ಬೇರೆ ರೇಡ್ ಕಾರ್ಡ್ ಹಾಕಿಸಿದ್ದರೆ ಇಪ್ಪತ್ತೈದು ಸಾವಿರದ ಮೇಲೆ ಹೋಗುತ್ತಿತ್ತು. ಹೋದ ಬೇಸಿಗೆಯಲ್ಲಿ ನಡುರಾತ್ರಿ ಒಂದು ಡಿಸ್ಕ್ ಕೈಕೊಟ್ಟಿತು. ಬೆಳಿಗ್ಗೆ ಪ್ರೆಸ್ ತೆಗೆಯುವಷ್ಟರಲ್ಲಿ ಹೊಸ ಡಿಸ್ಕ್ ಹಿಡಿದು ನಾನು ಬಾಗಿಲಲ್ಲಿದ್ದೆ. ಹೊಸ ಡಿಸ್ಕ್‌ಗೆ ಡೇಟಾ ಮತ್ತೆ ತುಂಬಲು (ರಿಬಿಲ್ಡ್) ಏಳೆಂಟು ತಾಸು ಬೇಕಾಯಿತು, ಪ್ಲೇಟ್ ಕೆಲಸ ಮಾತ್ರ ನಿಲ್ಲಲಿಲ್ಲ.

ಡಿಸ್ಕ್ ಕೆಟ್ಟ ಕೂಡಲೇ ಮೊಬೈಲ್‌ಗೆ ಸುದ್ದಿ ಬರುವ ಈ ಏರ್ಪಾಡಿಗೆ ಬರಲು ಬಹಳ ಸುತ್ತಿದ್ದೇನೆ. ಮೊದಲು ಮೇಲ್ ನೋಡಿದೆ. ಇಂಟರ್ನೆಟ್ ಕೊಡುವವರು ಮೇಲ್ ಹೋಗುವ 25ನೇ ಪೋರ್ಟ್ ಮುಚ್ಚಿದ್ದರು. ಮೇಲ್ ಕಳಿಸುವ ಎಂಎಸ್‌ಎಂಟಿಪಿ ಪ್ರೋಗ್ರಾಮ್ ಹಾಕಿ, ಜಿಮೇಲ್ ಆ್ಯಪ್ ಪಾಸ್‌ವರ್ಡ್ ಕೊಟ್ಟು ದಾರಿ ಮಾಡಿದರೆ, ಮೇಲ್ ಸೀದಾ ಸ್ಪ್ಯಾಮ್‌ಗೆ. ಮೇಲಾಗಿ ರಿಬಿಲ್ಡ್ ಮುಗಿದದ್ದಕ್ಕೆ ಎಂಡಿಎಡಿಎಂ ಮೇಲ್ ಕಳಿಸುವುದೇ ಇಲ್ಲ. ಎಸ್‌ಎಂಎಸ್ ವಿಚಾರಿಸಿದೆ. ವ್ಯವಹಾರದ ಎಸ್‌ಎಂಎಸ್‌ಗೆ ಕಡ್ಡಾಯವಾದ ಡಿಎಲ್‌ಟಿ ನೋಂದಣಿಗೇ ಆರು ಸಾವಿರದ ಹತ್ತಿರ, ಮೇಲೆ ಟೆಂಪ್ಲೇಟ್ ಒಪ್ಪಿಗೆ ಬೇರೆ. ಅದನ್ನೂ ಬಿಟ್ಟೆ.

ಕೈಹಿಡಿದದ್ದು ಎಂಡಿಎಡಿಎಂ ಕಾನ್ಫಿಗ್ ಫೈಲ್‌ನ 'ಪ್ರೋಗ್ರಾಮ್' ಎಂಬ ಸಾಲು. ಪ್ರತಿ ಘಟನೆಗೂ ಅದು ನಮ್ಮ ಸ್ಕ್ರಿಪ್ಟ್ ಓಡಿಸುತ್ತದೆ. ಘಟನೆಯ ಹೆಸರು, ಅರೇ (ಡಿಸ್ಕ್‌ಗಳ ಗುಂಪು), ಇದ್ದರೆ ಡಿಸ್ಕ್, ಇದೇ ಕ್ರಮದಲ್ಲಿ ಕೊಡುತ್ತದೆ. ಸ್ಕ್ರಿಪ್ಟ್‌ನಿಂದ ಟೆಲಿಗ್ರಾಮ್ ಬಾಟ್‌ಗೆ ಕರ್ಲ್ ಕಮಾಂಡ್ ಮೂಲಕ ಒಂದು ಮೆಸೇಜ್. ಖರ್ಚು ಸೊನ್ನೆ. ಮೆಸೇಜ್‌ನಲ್ಲಿ ಡಿಸ್ಕ್‌ನ ಸೀರಿಯಲ್ ನಂಬರ್ ಬರಲೇಬೇಕು. ರೀಬೂಟ್ ಆದರೆ ಡಿಸ್ಕ್‌ಗೆ ಲಿನಕ್ಸ್ ಕೊಟ್ಟ ಹೆಸರು ಎಸ್‌ಡಿಬಿ ಹೋಗಿ ಎಸ್‌ಡಿಸಿ ಆಗಬಹುದು, ಸೀರಿಯಲ್ ಬದಲಾಗುವುದಿಲ್ಲ. ಸತ್ತ ಡಿಸ್ಕ್ ತನ್ನ ನಂಬರ್ ಹೇಳದೆಯೂ ಇರಬಹುದು, ಹಾಗಾಗಿ ಪಟ್ಟಿಯನ್ನು ಮೊದಲೇ ಬರೆದಿಟ್ಟಿದ್ದೇನೆ. ಪ್ರತಿ ಡಿಸ್ಕ್‌ನ ಬಾಯಿಗೆ ಕೊನೆಯ ನಾಲ್ಕು ಅಕ್ಷರದ ಚೀಟಿ ಅಂಟಿಸಿದ್ದೇನೆ.

ಎಂಡಿಎಡಿಎಂಗೆ ಟೆಸ್ಟ್, ಒನ್‌ಶಾಟ್ ಆಯ್ಕೆ ಕೊಟ್ಟು ಮೆಸೇಜ್ ಬಂತೆಂದು ಸುಮ್ನೆ ಕೂರಬೇಡಿ. ಅದರಿಂದ ದಾರಿ ಸರಿಯಿದೆ ಎಂದಷ್ಟೇ ಗೊತ್ತಾಗುತ್ತದೆ. ನಾನು 200 ಎಂಬಿಯ ನಾಲ್ಕು ಫೈಲ್‌ಗಳನ್ನು ಲೂಪ್ ಡಿವೈಸ್ (ಡಿಸ್ಕ್‌ನಂತೆ ಕಾಣುವ ಫೈಲ್) ಮಾಡಿ, ಸುಳ್ಳು ಅರೇ ಕಟ್ಟಿ, ಒಂದನ್ನು ಬೇಕೆಂದೇ ಫೇಲ್ ಮಾಡಿಸಿ ನೋಡಿದೆ. ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್‌ನಲ್ಲಿ, ಡಿಸ್ಕ್ ಸರಿಯಿದೆ ಎನ್ನುವ ಯು ಅಕ್ಷರ ಇದ್ದ ಕಡೆ ಅಡ್ಡಗೆರೆ ಬಿತ್ತು, ಮೊಬೈಲ್ ಕೂಡಲೇ ಕೂಗಿತು.

ಸರ್ವರೇ ಸತ್ತರೆ? ನೆಟ್ ಹೋದರೆ? ಮೆಸೇಜ್ ಬಾರದಿದ್ದರೆ ಎಲ್ಲಾ ಚೆನ್ನಾಗಿದೆ ಅಂತ ತಿಳಿಯುತ್ತೇವೆ ಅಲ್ವಾ, ಅಪಾಯ ಅಲ್ಲೇ ಜಾಸ್ತಿ. ಅದಕ್ಕೆ ಪ್ರೆಸ್ ಸರ್ವರ್ ದಿನಾ ಬೆಳಿಗ್ಗೆ ವಿದ್ಯಾನಗರದ ನನ್ನ ಮನೆಯ ಹಳೇ ಲ್ಯಾಪ್‌ಟಾಪ್‌ಗೆ ಹಾಜರಿ ಹಾಕುತ್ತದೆ. ಹಾಜರಿ ತಪ್ಪಿದರೆ ಲ್ಯಾಪ್‌ಟಾಪ್ ನನ್ನನ್ನು ಎಬ್ಬಿಸುತ್ತದೆ. ಮೊಬೈಲ್ ಸೈಲೆಂಟ್‌ನಲ್ಲಿದ್ದರೂ ಹೇಗೆ ಎಬ್ಬಿಸುತ್ತದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಗಿರಾಕಿಗಳಿಗೆ ಮೀಸಲು.

ಪ್ರೆಸ್‌ನಲ್ಲಿ ಬಜರ್ ಕೂಡ ಹಾಕಿದ್ದೆ. ಆಫ್‌ಸೆಟ್ ಮಷಿನ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಈಗ ಕೌಂಟರ್ ಮೇಲೆ ರಿಲೇಗೆ ಜೋಡಿಸಿದ ಕೆಂಪು ಬಲ್ಬ್ ಇದೆ, ಎಲ್ಲಾ ಸೇರಿ ಐದಾರು ನೂರು. ಜೊತೆಗೆ ಡಿಸ್ಕ್‌ಗಳ ಆರೋಗ್ಯ ನೋಡುವ ಸ್ಮಾರ್ಟ್‌ಡಿ ಓಡುತ್ತಿದೆ. ಮೂರನೇ ಡಿಸ್ಕ್‌ನಲ್ಲಿ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಜಾಗ) ಏರುತ್ತಿದೆ ಎಂದು ಅದು ಹೇಳುತ್ತಿದೆ. ಹತ್ತು ಸಾವಿರ ಚಿಲ್ಲರೆ ಕೊಟ್ಟು ಬದಲಿ ಡಿಸ್ಕ್ ತರಿಸಿಟ್ಟಿದ್ದೇವೆ. ಈ ಸಲ ಮಾಲೀಕರು ಮರುಮಾತಿಲ್ಲದೆ ದುಡ್ಡು ಕೊಟ್ಟರು.