ಹಾಡಿನ ಮಧ್ಯೆ ಮಿಕ್ಸರ್ ಸೀನ್ ತಾನಾಗಿ ಬದಲಾಗ್ತಿದೆಯಾ?

ಹಾಸನ, ಅರಸೀಕೆರೆ ಕಡೆ ಗಣಪತಿ ಕಾರ್ಯಕ್ರಮಗಳಿಗೆ ಸೌಂಡ್ ಹಾಕುವವರು ಇದನ್ನೊಮ್ಮೆ ಓದಿ. ಸೀನ್ ಅಂದ್ರೆ ಮಿಕ್ಸರ್‌ನಲ್ಲಿ ಸೇವ್ ಮಾಡಿಟ್ಟ ಸೆಟ್ಟಿಂಗ್‌ಗಳ ಸೆಟ್. ಲ್ಯಾಪ್‌ಟಾಪ್, ಕೀಬೋರ್ಡ್, ಡಿಜಿಟಲ್ ಮಿಕ್ಸರ್ ಮೂರನ್ನೂ ಮಿಡಿಯಲ್ಲಿ (MIDI, ಸಂಗೀತ ಸಾಧನಗಳು ಒಂದಕ್ಕೊಂದು ಸಂದೇಶ ಕಳಿಸುವ ವ್ಯವಸ್ಥೆ) ಜೋಡಿಸಿದ್ದರೆ ಮಾತ್ರ ಈ ಮಾತು.

ಕೀಬೋರ್ಡ್‌ನವರು ಪಿಯಾನೊ ಬಿಟ್ಟು ಫ್ಲೂಟ್ ಟೋನ್ ಒತ್ತುತ್ತಾರೆ. ಆಗ ಪ್ರೋಗ್ರಾಂ ಚೇಂಜ್ ಸಂದೇಶ ಹೊರಡುತ್ತದೆ. ಎಷ್ಟೋ ಮಿಕ್ಸರ್‌ಗಳಿಗೆ ಸೀನ್ ಬದಲಿಸುವ ಆದೇಶವೂ ಅದೇ! ಎರಡರ ಮಿಡಿ ಚಾನೆಲ್ ಒಂದೇ ಆಗಿದ್ದರೆ, ಅಥವಾ ಓಮ್ನಿ (ಎಲ್ಲ ಚಾನೆಲ್‌ನ ಸಂದೇಶವನ್ನೂ ಸ್ವೀಕರಿಸುವ ಸ್ವಿಚ್) ಆನ್ ಇದ್ದರೆ, ಫೇಡರ್‌ಗಳು ಸರ್ರನೆ ಓಡುತ್ತವೆ, ಗಾಯಕರ ಮೈಕ್ ಮ್ಯೂಟ್. ಬೈಗುಳ ಮಾತ್ರ ನಮಗೆ, ಅಲ್ವಾ?

ಮಿಕ್ಸರ್‌ನ ಮಿಡಿ ಸೆಟಪ್ ಪುಟದಲ್ಲಿ ಮೊದಲು ಪೋರ್ಟ್ ಆರಿಸಿ: ಐದು ಪಿನ್ನಿನದೋ, ಯುಎಸ್‌ಬಿಯೋ, ಕೇಬಲ್ ಎಲ್ಲಿದೆಯೋ ಅದು. ಓಮ್ನಿ ಆಫ್ ಮಾಡಿ. ಇರುವುದು 16 ಚಾನೆಲ್. ಕೀಬೋರ್ಡ್ 1ರಲ್ಲಿದ್ದರೆ ಮಿಕ್ಸರ್‌ಗೆ 16 ಕೊಡಿ. ಲ್ಯಾಪ್‌ಟಾಪ್‌ನಿಂದ ಸೀನ್ ಬದಲಿಸುವ ಪ್ಲಾನೇ ಇಲ್ಲವೆಂದರೆ ಪ್ರೋಗ್ರಾಂ ಚೇಂಜ್ ರಿಸೀವ್ ಆಫ್ ಮಾಡಿಬಿಡಿ, ಸುಮ್ನೆ ತಲೆನೋವು ಯಾಕೆ. ಕಂಟ್ರೋಲ್ ಚೇಂಜ್‌ಗೂ ಹಾಗೇ. ಸಸ್ಟೇನ್ ಪೆಡಲ್, ಮಾಡ್ಯುಲೇಶನ್ ವೀಲ್ ಎರಡೂ ಈ ಜಾತಿಯ ಸಂದೇಶವನ್ನೇ ಕಳಿಸುತ್ತವೆ.

ಎಕೋ ಅಂತ ಇನ್ನೊಂದು ಸ್ವಿಚ್ ಇರುತ್ತದೆ. ಇದು ರಿವರ್ಬ್ ಜೊತೆ ಬರುವ ಎಕೋ ಅಲ್ಲ. ಒಳಗೆ ಬಂದ ಸಂದೇಶವನ್ನು ಹಾಗೇ ಹೊರಗೆ ಬಿಡುತ್ತದೆ. ಲ್ಯಾಪ್‌ಟಾಪ್ ಕೂಡ ವಾಪಸ್ ಕಳಿಸುತ್ತಿದ್ದರೆ ಸಂದೇಶ ಸುತ್ತುತ್ತಲೇ ಇರುತ್ತದೆ. ಬೇಡದಿದ್ದರೆ ಆಫ್ ಇರಲಿ.

ಸೀನ್ ಒಂದು ನಂಬರ್ ಆಚೀಚೆ ಬರುತ್ತಿದ್ದರೆ ಗಾಬರಿ ಬೇಡ. ಪ್ರೋಗ್ರಾಂ ನಂಬರ್‌ಗಳನ್ನು ಕೆಲವು ಸಾಧನ 0–127 ಎಣಿಸುತ್ತವೆ, ಕೆಲವು 1–128.