ಅಡಿಕೆ ತೋಟದಲ್ಲಿ ಕೂತು ಕೋರ್ಸ್ ಸೆಕ್ರೆಟರಿ ಕೆಲ್ಸ: ನನ್ನ ಅನುಭವ

ಎನ್‌ಡಿಎ (ಸೇನಾಧಿಕಾರಿ ಆಗೋ ಹುಡುಗ್ರಿಗೆ ತರಬೇತಿ ಕೊಡೋ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಬಿಟ್ಟು ಹೆಚ್ಚುಕಮ್ಮಿ ನಲವತ್ತು ವರ್ಷ ಆಗ್ತಾ ಬಂತು. ರಿಟೈರ್ ಆದ್ಮೇಲೆ ತೀರ್ಥಹಳ್ಳಿ ಹತ್ರ ಅಪ್ಪನ ಅಡಿಕೆ ತೋಟಕ್ಕೆ ವಾಪಸ್ ಬಂದೆ, ಬಂದಿದ್ದೇ ತಡ "ನೀನು ಹೆಂಗೂ ಸುಮ್ನೆ ಕೂತಿರ್ತೀಯ" ಅಂತ ಕೋರ್ಸ್ ಸೆಕ್ರೆಟರಿ ಕೆಲ್ಸ ತಲೆಗೆ ಕಟ್ಟಿದ್ರು. ಅಕಾಡೆಮಿಯಲ್ಲಿ ಜೊತೆಗಿದ್ದ ಬ್ಯಾಚನ್ನೇ ನಾವು ಕೋರ್ಸ್ ಅನ್ನೋದು. (ತೋಟ ಇಟ್ಕೊಂಡೋನು ಸುಮ್ನೆ ಕೂತಿರ್ತಾನೆ ಅಂದ್ಕೊಳ್ಳೋದು ಪೇಟೆಯೋರು ಮಾತ್ರ, ಇರ್ಲಿ ಬಿಡಿ.) ಈಗ ಬೇರೆ ಕೋರ್ಸಿನೋರು, ಸೈನಿಕ ಶಾಲೆ ಹಳೇ ಹುಡುಗ್ರು, ಶಿವಮೊಗ್ಗದಲ್ಲಿ ಓದಿದ ಕಾಲೇಜ್ ಬ್ಯಾಚಿನೋರು ಕೂಡ ಫೋನ್ ಮಾಡಿ "ನೀವು ಹೆಂಗೆ ಎಲ್ರನ್ನೂ ಸೇರಿಸ್ತೀರ, ದುಡ್ಡು ಹೆಂಗೆ ಎತ್ತೀರ" ಅಂತ ಕೇಳ್ತಾರೆ. ಒಬ್ಬೊಬ್ರಿಗೂ ಹೇಳೋದಕ್ಕಿಂತ ಬರೆದೇಬಿಡೋಣ ಅನ್ನಿಸ್ತು.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. ಖಡಕವಾಸ್ಲಾದಲ್ಲಿ ಮೂರು ವರ್ಷ, ಆರು ಟರ್ಮ್, ಆರ್ಮಿ ನೇವಿ ಏರ್‌ಫೋರ್ಸ್ ಮೂರಕ್ಕೂ ಹೋಗೋ ಹುಡುಗ್ರು ಒಂದೇ ಕಡೆ. ಅದು ಮುಗಿದ್ಮೇಲೆ ಆರ್ಮಿಯೋರು ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ ಐಎಂಎಗೆ, ಏರ್‌ಫೋರ್ಸಿನೋರು ದುಂಡಿಗಲ್‌ಗೆ, ನೇವಿಯೋರು ಅವ್ರ ಅಕಾಡೆಮಿಗೆ. ಅಲ್ಲಿಂದ ಒಬ್ಬ ಸಿಯಾಚಿನ್, ಒಬ್ಬ ಅಂಡಮಾನ್, ಒಬ್ಬ ಐದು ವರ್ಷಕ್ಕೇ ಬಿಟ್ಟು ಬ್ಯಾಂಕ್ ಕೆಲ್ಸ. ಬೆಳಗಿನ ಜಾವ ಜೊತೆಲಿ ಫ್ರಂಟ್ ರೋಲ್ (ಶಿಕ್ಷೆಗೆ ಹೊಡೆಸೋ ಲಾಗ) ಹೊಡೆದವನನ್ನ ಯಾರೂ ಮರೆಯಲ್ಲ ನಿಜ, ಆದ್ರೆ ಅವನ ಈಗಿನ ಫೋನ್ ನಂಬರ್ ಯಾರ ಹತ್ರಾನೂ ಇರಲ್ಲ!

ಹಂಗಾಗಿ ಮೊದಲ ಕೆಲ್ಸ ಲಿಸ್ಟು. ಇದನ್ನ ಹಗುರ ಮಾಡ್ಕೋಬೇಡಿ, ಲಿಸ್ಟ್ ಸರಿ ಇದ್ರೆ ಅರ್ಧ ಕೆಲ್ಸ ಆದಂಗೆ. ಹೆಸರು, ಕೆಡೆಟ್ ನಂಬರ್, ಸ್ಕ್ವಾಡ್ರನ್ (ಅಕಾಡೆಮಿಯಲ್ಲಿ ಇದ್ದ ಹಾಸ್ಟೆಲ್ ಗುಂಪು), ಊರು, ಹೆಂಡ್ತಿ ಹೆಸರು ಮತ್ತೆ ಹೆಂಡ್ತಿ ಫೋನ್ ನಂಬರ್. ಈ ಕೊನೇದೇ ಮುಖ್ಯ ನೋಡಿ, ನಮ್ ವಯಸ್ಸಿನ ಗಂಡಸ್ರು ಆಸ್ಪತ್ರೆ ಸೇರಿದ್ರೆ ಯಾರಿಗೂ ಹೇಳಲ್ಲ, ಭಾಭಿ ಹೇಳ್ತಾರೆ. ಲಿಸ್ಟಲ್ಲಿ ರ‍್ಯಾಂಕಿಗೆ ಕಾಲಮ್ಮೇ ಇಟ್ಟಿಲ್ಲ.

ಆದ್ರೆ ಲಿಸ್ಟಲ್ಲಿ ಯಾರು ಬರಬೇಕು ಅನ್ನೋದೇ ದೊಡ್ಡ ಚರ್ಚೆ ಆಯ್ತು. ಒಂದು ಟರ್ಮ್ ಡ್ರಾಪ್ ಆದೋನು ಜೂನಿಯರ್ ಕೋರ್ಸಿನ ಜೊತೆ ಪಾಸೌಟ್ ಆಗ್ತಾನೆ, ಅವನು ಯಾರೋನು? ನಾವು ಹೇಳಿದ್ದು, ನಮ್ಮ ಜೊತೆ ಗೇಟ್ ಒಳಗೆ ಬಂದೋನೂ ನಮ್ಮೋನೇ, ನಮ್ಮ ಜೊತೆ ಹೊರಗೆ ಹೋದೋನೂ ನಮ್ಮೋನೇ, ಎರಡು ಕೋರ್ಸಿನ ಊಟ ಉಂಡ್ರೆ ಉಣ್ಲಿ. ತಡ್ಕೊಳ್ಳೋಕೆ ಆಗ್ದೆ ಮೊದ್ಲೇ ಬಿಟ್ಟೋದೋರನ್ನೂ ಹುಡುಕಿದ್ವಿ, ಅವ್ರಿಗೇ ಜಾಸ್ತಿ ಖುಷಿ. ಇವರೆಲ್ಲರಿಗಿಂತ ಕಷ್ಟದ ಪ್ರಶ್ನೆ ಟ್ರೇನಿಂಗಲ್ಲೇ ಪೆಟ್ಟು ಬಿದ್ದು ಮೆಡಿಕಲ್ ಬೋರ್ಡ್ ಔಟ್ ಆದೋರದ್ದು, ಅಂದ್ರೆ ದೇಹಸ್ಥಿತಿ ಸಾಲಲ್ಲ ಅಂತ ಮನೆಗೆ ಕಳಿಸಿದೋರದ್ದು. ಕಮಿಷನ್ ಆಗಿರಲ್ಲ, ಅಂದ್ರೆ ಅಧಿಕಾರಿಯಾಗಿ ನೇಮಕ ಆಗಿರಲ್ಲ, ಹಾಗಾಗಿ ಮಾಜಿ ಸೈನಿಕ ಅನ್ನೋ ಲೆಕ್ಕಕ್ಕೆ ಬರಲ್ಲ, ಪೆನ್ಷನ್ ಇಲ್ಲ, ಎಕ್ಸ್‌ಗ್ರೇಷಿಯಾ ಅಂತ ಒಂದಿಷ್ಟು ಬರುತ್ತೆ ಅಷ್ಟೇ. 2025ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ತಾನಾಗೇ ಈ ವಿಷಯ ಕೈಗೆತ್ತಿಕೊಳ್ತು, ಅದೇ ತಿಂಗಳ ಕೊನೇಲಿ ಸರ್ಕಾರ ಇಂಥವ್ರಿಗೂ ಮಾಜಿ ಸೈನಿಕರ ಇಸಿಎಚ್‌ಎಸ್ ಯೋಜನೆಯ ವೈದ್ಯಕೀಯ ಸೌಲಭ್ಯ ಕೊಡೋ ಆದೇಶ ಹೊರಡಿಸ್ತು. ಅಷ್ಟು ವರ್ಷ ಅವ್ರನ್ನ ನೋಡ್ಕೊಂಡಿದ್ದು ಅಪ್ಪ ಅಮ್ಮ, ಇಲ್ಲಾಂದ್ರೆ ಕೋರ್ಸ್‌ಮೇಟು. ನಮ್ಮಲ್ಲೂ ಒಬ್ಬ ಇದಾನೆ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಅವನನ್ನ ನೋಡ್ಕೊಳ್ಳೋ ಹುಡುಗನ ಸಂಬಳ ನಮ್ಮ ಫಂಡಿನ ಮೊದಲ ಖರ್ಚು, ಬೇರೆ ಏನು ನಿಂತ್ರೂ ಅದು ನಿಲ್ಲಲ್ಲ.

ವಾಟ್ಸಾಪ್ ಗ್ರೂಪ್ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ರಿಗೂ ಗೊತ್ತಿರೋ ಕಥೆ. ಗುಡ್ ಮಾರ್ನಿಂಗು, ರಾಜಕೀಯ, ಇಬ್ರು ಮುನಿಸ್ಕೊಂಡು ಲೆಫ್ಟ್. ನಾನು ಎರಡು ಮಾಡಿದೀನಿ, ಒಂದು ಹರಟೆಗೆ, ಇನ್ನೊಂದ್ರಲ್ಲಿ ಸೆಕ್ರೆಟರಿ ಮಾತ್ರ ಮೆಸೇಜ್ ಹಾಕ್ಬೋದು, ಅಲ್ಲಿ ಬರೋದು ಸಾವು, ಆಸ್ಪತ್ರೆ, ಲೆಕ್ಕ, ತಾರೀಕು, ಅಷ್ಟೇ. ನಿಜವಾದ ಕೆಲ್ಸ ನಡೆಯೋದು ಫೋನಲ್ಲಿ. ಮಳೆಗಾಲದಲ್ಲಿ ಔಷಧಿ ಹೊಡೆಯೋಕೂ ಬಿಡುವು ಕೊಡದಂಗೆ ಮಳೆ ಹಿಡಿದಾಗ ನಾನು ಜಗಲಿ ಮೇಲೆ ಕೂತು ಲಿಸ್ಟ್ ಹಿಡ್ಕೊಂಡು ಮೇಲಿಂದ ಕೆಳಗೆ ಫೋನ್ ಮಾಡ್ತಾ ಹೋಗ್ತೀನಿ, ಕರೆಂಟ್ ಹೋಗಿರುತ್ತೆ, ಸಿಗ್ನಲ್ ಒಂದು ಕಡ್ಡಿ, "ಏನೋ ಸದ್ದು ಅದು, ಹೆಲಿಕಾಪ್ಟರಾ" ಅಂತ ರಾಜಸ್ಥಾನದೋನು ಕೇಳ್ತಾನೆ, ಹಂಚಿನ ಮೇಲೆ ಬೀಳೋ ಮಳೆ ಕಣೋ ಅಂತೀನಿ. ಗ್ರೂಪಲ್ಲಿ ಒಂದಕ್ಷರ ಬರೆಯದೋರು ಫೋನಲ್ಲಿ ಅರ್ಧ ಗಂಟೆ ಮಾತಾಡ್ತಾರೆ.

ಇನ್ನು ರೀಯೂನಿಯನ್. ಇಪ್ಪತ್ತೈದನೇ ವರ್ಷದ್ದು ಅಕಾಡೆಮಿಯಲ್ಲೇ ಆಗುತ್ತೆ, ಅದು ವಾಡಿಕೆ, ಕೆಡೆಟ್‌ಗಳೇ ಶ್ರಮದಾನ ಮಾಡಿ ಕಟ್ಟಿದ ಹುತಾತ್ಮರ ಸ್ಮಾರಕ ಹಟ್ ಆಫ್ ರಿಮೆಂಬ್ರೆನ್ಸಲ್ಲಿ ಪುಷ್ಪಗುಚ್ಛ ಇಟ್ಟು, ಅಕಾಡೆಮಿಯ ಮುಖ್ಯ ಕಟ್ಟಡ ಸುಡಾನ್ ಬ್ಲಾಕ್ ಮುಂದೆ ಫೋಟೋ. ಚೆನ್ನಾಗಿರುತ್ತೆ, ಹೋಗ್ಲೇಬೇಕು. ಆದ್ರೆ ಅಲ್ಲಿ ಎಲ್ಲ ಟೈಮ್ ಟೇಬಲ್ ಪ್ರಕಾರ, ಕೂತು ಮಾತಾಡೋಕಾಗಲ್ಲ. ಅದಕ್ಕೇ ನಡುನಡುವೆ ಸಣ್ಣದು ಮಾಡ್ತೀವಿ, ನಮ್ಮ ಕಡೆ ಮಾಡಿದ್ದಕ್ಕೆ ಜನ ಜಾಸ್ತಿ ಬಂದ್ರು. ಮಲೆನಾಡು ಅಂದ್ರೆ ಮಳೇಲಿ ನೋಡ್ಬೇಕು ಅಂತ ಎಲ್ರೂ ಹೇಳ್ತಾರೆ, ಮೊಣಕಾಲು ಆಪರೇಷನ್ ಆದೋರನ್ನ ಜುಲೈನಲ್ಲಿ ಆಗುಂಬೆಗೆ ಕರ್ಕೊಂಡು ಬಂದ್ರೆ ಜಾರಿ ಬಿದ್ದು ಇನ್ನೊಂದು ಮೊಣಕಾಲೂ ಹೋಗುತ್ತೆ. ಜೊತೆಗೆ ಇಂಬಳ. ಡಿಸೆಂಬರ್ ಜನವರಿ ಒಳ್ಳೇದು, ಆದ್ರೆ ಅದು ಅಡಿಕೆ ಕೊಯ್ಲು, ನಂಗೆ ಉಸಿರಾಡೋಕೆ ಟೈಮ್ ಇರಲ್ಲ. ಆದ್ರೂ ಅದೇ ತಿಂಗಳು ಇಟ್ಕೊಳ್ತೀನಿ, ಮನೆ ತುಂಬ ಜನ ಇರೋ ಕಾಲ, ನಾಲ್ಕು ಜನ ಜಾಸ್ತಿ ಆದ್ರೆ ಗೊತ್ತಾಗಲ್ಲ. 2023ರಲ್ಲಿ ಸೋಗಾನೆಯಲ್ಲಿ ಏರ್‌ಪೋರ್ಟ್ ಆದ್ಮೇಲೆ ದೂರದೋರಿಗೂ ಸಲೀಸು, ಬೆಂಗಳೂರಿಂದ ಬರೋರು ಟ್ರೇನು. ಇರೋಕೆ ಹೋಮ್‌ಸ್ಟೇ, ದೊಡ್ಡ ರೆಸಾರ್ಟ್ ಬೇಡ, ರೆಸಾರ್ಟಲ್ಲಿ ಎಲ್ರೂ ಅವರವರ ರೂಮ್ ಸೇರ್ಕೊಂಡುಬಿಡ್ತಾರೆ. ಬೆಳಿಗ್ಗೆ ಬರೋ ದಾರೀಲಿ ಸಕ್ರೆಬೈಲಲ್ಲಿ ಆನೆ ಸ್ನಾನ, ಮಧ್ಯಾಹ್ನಕ್ಕೆ ನಮ್ಮನೇಲಿ ಕಡುಬು ಕೋಳಿ ಸಾರು, ತಿನ್ನದೋರಿಗೆ ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ರಿಗೂ. ಪಂಜಾಬಿ ಒಬ್ಬ ಮಿಡಿ ಮಾವಿನಕಾಯನ್ನ ಇಡೀ ಬಾಯಿಗೆ ಹಾಕ್ಕೊಂಡು ಕಣ್ಣಲ್ಲಿ ನೀರು ತಂದ್ಕೊಂಡ, ಮತ್ತೆ ಎರಡನೇದು ಕೇಳ್ದ.

ಒಂದು ಸಲ ಅಂಗಳದಲ್ಲಿ ಅಡಿಕೆ ಸುಲಿಯೋರು ಕೂತಿದ್ರು. ನಮ್ಮೋರಿಗೆ ಸುಮ್ನೆ ಇರೋಕಾಗಲ್ವಲ್ಲ, ನಾವೂ ಸುಲೀತೀವಿ ಅಂತ ಒಬ್ಬ ಏರ್ ಕಮೋಡೋರು, ಇಬ್ರು ಬ್ರಿಗೇಡಿಯರು, ಕ್ಯಾಪ್ಟನ್ ಆಗಿದ್ದಾಗ್ಲೇ ಬಿಟ್ಟು ಈಗ ಪೆಟ್ರೋಲ್ ಬಂಕ್ ನಡೆಸೋ ಒಬ್ಬ, ಮೆಟ್ಟುಗತ್ತಿ ಮುಂದೆ ಕೂತ್ರು. ಅಡಿಕೆ ಒಂದ್ ಕಡೆ ಹಾರುತ್ತೆ, ಸಿಪ್ಪೆ ಒಂದ್ ಕಡೆ, ಕಾಲು ಮಡಚೋಕೆ ಬರಲ್ಲ. ಕೊನೇಗೆ ಸುಲಿಯೋ ಹೆಂಗಸ್ರಲ್ಲಿ ಹಿರಿಯರೊಬ್ರು ನನ್ನ ಕಡೆ ತಿರುಗಿ, "ಸಾಹೇಬ್ರೆ, ಇವ್ರಿಗೆ ಲೆಕ್ಕಕ್ಕೆ ದುಡ್ಡು ಕೊಟ್ರೆ ರಾತ್ರಿ ಗಂಜಿಗೂ ಸಾಲಲ್ಲ, ದೇಶ ಹೆಂಗ್ ಕಾದ್ರು ಮಾರಾಯ್ರೆ" ಅಂದ್ರು. ನಾನು ಅದನ್ನ ಅವ್ರಿಗೆ ಹಿಂದೀಲಿ ಹೇಳ್ದೆ. ಬಂಕಿನೋನು ಮಾತ್ರ ಸುಮಾರಾಗಿ ಸುಲಿದ, ಉಳಿದೋರನ್ನ ಇವತ್ತಿಗೂ ಆಡ್ಕೊಳ್ತಾನೆ.

ಇದನ್ನ ಯಾಕೆ ಬರೆದೆ ಅಂದ್ರೆ, ಕೋರ್ಸ್ ಒಡೆಯೋದು ರ‍್ಯಾಂಕಿಂದ. ಒಬ್ಬ ಲೆಫ್ಟಿನೆಂಟ್ ಜನರಲ್ ಆಗಿರ್ತಾನೆ, ಒಬ್ಬ ಕರ್ನಲ್ ಬಡ್ತಿಯ ಬೋರ್ಡೇ ದಾಟಿರಲ್ಲ, ಒಂದಿಷ್ಟು ವರ್ಷ ಆ ಎರಡನೇಯೋನು ಬರೋದೇ ಬಿಟ್ಟಿರ್ತಾನೆ. ಹಂಗಾಗಿ ನಮ್ಮ ಬ್ಯಾಡ್ಜಲ್ಲಿ ಅಡ್ಡಹೆಸರು, ಕೂರೋದು ಕೆಡೆಟ್ ನಂಬರ್ ಪ್ರಕಾರ, ಭಾಷಣ ಯಾರದ್ದೂ ಇಲ್ಲ. ತೀರಿಕೊಂಡೋರ ನಂಬರ್ ಬಂದಾಗ ಆ ಕುರ್ಚೀಲಿ ಅವನ ಹೆಂಡ್ತೀನೋ ಮಗಳೋ ಕೂರ್ತಾರೆ. ಕುರ್ಚಿ ಖಾಲಿ ಬಿಡೋ ಪದ್ಧತಿ ಬೇಡ ಅಂತ ಒಬ್ರು ವೀರನಾರಿಯೇ (ಹುತಾತ್ಮ ಸೈನಿಕನ ಹೆಂಡ್ತಿ) ಹೇಳಿದ್ದು, "ನಾನು ಬಂದಿದೀನಲ್ಲ, ಖಾಲಿ ಯಾಕೆ" ಅಂತ.

ದುಡ್ಡಿನ ವಿಷಯಕ್ಕೆ ಬರ್ತೀನಿ, ಜಾಸ್ತಿ ಫೋನ್ ಬರೋದು ಇದಕ್ಕೇ. ಮುಂಚೆ ಏನಾಗ್ತಿತ್ತು ಅಂದ್ರೆ ಯಾರಾದ್ರೂ ಹೋದಾಗ ಎಲ್ರೂ ಕಣ್ಣೀರು ಹಾಕಿ ಒಂದು ವಾರ ದುಡ್ಡು ಹಾಕೋದು, ಆಮೇಲೆ ಮುಗೀತು. ಶ್ರೀಲಂಕಾದಲ್ಲಿ ಭಾರತದ ಶಾಂತಿಪಾಲನಾ ಪಡೆ ಐಪಿಕೆಎಫ್ ಇದ್ದಾಗ ತೀರಿಕೊಂಡ ಹುಡುಗನ ತಾಯಿಗೆ ಆಗ ನಾವೆಲ್ಲ ಲೆಫ್ಟಿನೆಂಟ್‌ಗಳು, ಕೈಲಿದ್ದಷ್ಟು ಕಳಿಸಿದ್ವಿ, ಆ ತಾಯಿಗೆ ನಿಜವಾಗಿ ಬೇಕಾಗಿದ್ದು ವಯಸ್ಸಾದ್ಮೇಲೆ. ಹಂಗಾಗಿ ಈಗಿನ ನಿಯಮ, ತಿಂಗಳಿಗೆ ಎಲ್ರಿಗೂ ಒಂದೇ ಮೊತ್ತ, ಸಣ್ಣದು, ಪೆನ್ಷನ್ ಅಕೌಂಟಿಂದ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್. ಜಾಸ್ತಿ ಕೊಡ್ತೀನಿ ಅಂದ್ರೆ ತಗೊಳ್ತೀವಿ, ಆದ್ರೆ ಹೆಸರು ಎಲ್ಲೂ ಹಾಕಲ್ಲ, ದಾನಿಗಳ ಪಟ್ಟಿ ಅನ್ನೋದೇ ಇಲ್ಲ. ಇದಕ್ಕೆ ಒಬ್ಬಿಬ್ರು ಬೇಜಾರಾದ್ರು, ಆಗ್ಲಿ. ಪಟ್ಟಿ ಹಾಕಿದ್ರೆ ಮತ್ತೆ ರ‍್ಯಾಂಕ್ ಬಂದಂಗೆ, ಈ ಸಲ ದುಡ್ಡಿನ ರ‍್ಯಾಂಕು.

ಕಾಗದದ ಕೆಲ್ಸ ಬೇಸರದ್ದು ಆದ್ರೂ ಹೇಳ್ಬೇಕು. ನಾಲ್ಕು ಜನ ಸ್ನೇಹಿತ್ರು ಸೇರಿ ಒಬ್ರಿಗೆ ನೇರವಾಗಿ ದುಡ್ಡು ಕೊಟ್ರೆ, ಸಂಬಂಧಿಕರಲ್ಲದೋರಿಂದ ಬಂದಿದ್ದು ವರ್ಷಕ್ಕೆ 50,000 ರೂಪಾಯಿ ದಾಟಿದ್ರೆ ಅದು ಪಡೆದೋರ ಆದಾಯಕ್ಕೆ ಸೇರುತ್ತೆ, ಪಾಪ ಅವ್ರಿಗೇ ಟ್ಯಾಕ್ಸು. ಅದಕ್ಕೇ ಟ್ರಸ್ಟ್ ಮಾಡಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಡೀಡ್ ನೋಂದಾಯಿಸಿ, ಇನ್‌ಕಮ್ ಟ್ಯಾಕ್ಸಿನೋರ ಹತ್ರ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯ್ತಿ) ಮತ್ತೆ 80ಜಿ (ದಾನ ಕೊಟ್ಟೋರಿಗೆ ತೆರಿಗೆ ವಿನಾಯ್ತಿ) ಮಾಡಿಸಿದ್ವಿ. ಆಡಿಟರ್ ಮೊದ್ಲೇ ಹೇಳಿದ್ರು, "ಬರೀ ನಿಮ್ಮ ಕೋರ್ಸಿನೋರಿಗೆ ಅಂತ ಬರೆದ್ರೆ ಅದು ಧರ್ಮಾರ್ಥ ಆಗಲ್ಲ ಸರ್, ಸಾರ್ವಜನಿಕರಿಗೆ ಅನ್ನೋ ಹಂಗಿರ್ಬೇಕು." ಅದಕ್ಕೆ ಡೀಡಲ್ಲಿ ಸೈನಿಕರ ಕುಟುಂಬ, ತರಬೇತಿಯಲ್ಲಿ ಅಂಗವೈಕಲ್ಯ ಆದೋರು ಅಂತ ಅಗಲವಾಗಿ ಬರೆಸಿದ್ವಿ, ಅದ್ರಿಂದ ಒಳ್ಳೇದೇ ಆಯ್ತು, ನಮ್ಮ ತಾಲ್ಲೂಕಿನ ಜವಾನರ ಮನೆಗಳಿಗೂ ಈಗ ಹೋಗುತ್ತೆ. 80ಜಿ ಅಂತ ಆಸೆ ತೋರಿಸಿ ದುಡ್ಡು ಎತ್ತೋಕೆ ಹೋಗ್ಬೇಡಿ, ಹೊಸ ಟ್ಯಾಕ್ಸ್ ಪದ್ಧತೀಲಿ ಇರೋರಿಗೆ ಅದರ ಉಪಯೋಗ ಇಲ್ಲ, ನಗದು 2,000 ದಾಟಿದ್ರೆ ಹಳೇ ಪದ್ಧತೀಲೂ ಇಲ್ಲ. ಇನ್ನೊಂದು, ಹೊರದೇಶದಲ್ಲಿರೋ ಕೋರ್ಸ್‌ಮೇಟ್ ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿದ್ರೆ ತೊಂದ್ರೆ ಇಲ್ಲ, ಅಲ್ಲಿನ ಪೌರತ್ವ ತಗೊಂಡಿದ್ರೆ ಅವನ ದುಡ್ಡು ವಿದೇಶಿ ದೇಣಿಗೆ, ವಿದೇಶಿ ದೇಣಿಗೆ ಕಾಯ್ದೆ ಎಫ್‌ಸಿಆರ್‌ಎ ಪ್ರಕಾರ ನೋಂದಣಿ ಇಲ್ದೆ ಮುಟ್ಟೋ ಹಂಗಿಲ್ಲ. ಅವ್ರಿಗೆ ಹೇಳೋದಿಷ್ಟೇ, ನಮ್ಮ ಮಕ್ಕಳು ಅಲ್ಲಿಗೆ ಓದೋಕೆ ಬಂದಾಗ ಏರ್‌ಪೋರ್ಟಿಗೆ ಬಾ, ಮೊದಲ ತಿಂಗಳು ಮನೇಲಿಟ್ಕೋ.

ಕೊಡೋ ರೀತಿ ಬಗ್ಗೆ ನಂದೊಂದು ಹಠ ಇದೆ, ಚೆಕ್ ಹಿಡ್ಕೊಂಡು ಫೋಟೋ ಇಲ್ಲ. ಕಾಲೇಜ್ ಫೀಸಾದ್ರೆ ಸೀದಾ ಕಾಲೇಜಿಗೆ ಹೋಗುತ್ತೆ. ನಿಜ ಹೇಳ್ಬೇಕಂದ್ರೆ ಸರ್ವಿಸಲ್ಲಿ ಹೋದೋರ ಮನೆಗೆ ಫ್ಯಾಮಿಲಿ ಪೆನ್ಷನ್, ಗ್ರೂಪ್ ಇನ್ಶೂರೆನ್ಸ್ ಎಲ್ಲ ಬರುತ್ತೆ, ದುಡ್ಡಿಗಿಂತ ಜಾಸ್ತಿ ಬೇಕಾಗೋದು ಕಾಗದ ಓಡಿಸೋ ಜನ. ಪಾರ್ಟ್ ಟೂ ಆರ್ಡರಲ್ಲಿ (ಸೇನೆಯ ಸೇವಾ ದಾಖಲೆ) ಹೆಂಡ್ತಿ ಹೆಸರು ಒಂದು ತರ, ಆಧಾರಲ್ಲಿ ಇನ್ನೊಂದು ತರ, ಮಗುವಿನ ಹುಟ್ಟಿದ ತಾರೀಕು ದಾಖಲೇ ಆಗಿರಲ್ಲ, ರಕ್ಷಣಾ ಪೆನ್ಷನ್ನಿನ ಸ್ಪರ್ಶ್ ಪೋರ್ಟಲ್ ಒಪ್ಪಲ್ಲ, ಅಷ್ಟಕ್ಕೇ ತಿಂಗಳುಗಟ್ಟಲೆ ನಿಲ್ಲುತ್ತೆ. ಅದಕ್ಕೆ ಈಗ ಬದುಕಿರೋರ ಕಾಗದಾನೇ ಸರಿ ಮಾಡಿಸ್ತಿದೀವಿ, ರೀಯೂನಿಯನ್‌ಗೆ ಬರುವಾಗ ಪಿಪಿಒ (ಪೆನ್ಷನ್ ಆದೇಶ ಪತ್ರ) ಮತ್ತೆ ಆಧಾರ್ ಜೆರಾಕ್ಸ್ ತರ್ಬೇಕು, ಭಾಭಿಗೆ ಅದು ಎಲ್ಲಿದೆ ಅಂತ ಗೊತ್ತಿರ್ಬೇಕು. ಮೊದಲ ಸಲ ಹೇಳಿದಾಗ "ನಮ್ಮನ್ನ ಈಗ್ಲೇ ಸಾಯಿಸ್ತಿದೀಯ" ಅಂದ್ರು, ಹೆಂಡ್ತಿಯರೆಲ್ಲ ನನ್ನ ಪಾರ್ಟಿ.

ಬಂದೋರಲ್ಲಿ ಮಾತು ಬರೋ ಇಬ್ರು ಮೂವರನ್ನ ಹತ್ತಿರದ ಪಿಯು ಕಾಲೇಜಿಗೆ ಕರ್ಕೊಂಡ್ಹೋಗ್ತೀನಿ, ಇದಕ್ಕೆ ಪೆಟ್ರೋಲ್ ಬಿಟ್ಟು ಖರ್ಚಿಲ್ಲ. ಎನ್‌ಡಿಎ ಪರೀಕ್ಷೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತೆ ಅನ್ನೋದೇ ಬಹಳ ಮಕ್ಕಳಿಗೆ ಗೊತ್ತಿಲ್ಲ, ಪ್ರಶ್ನೆಪತ್ರಿಕೆ ಇಂಗ್ಲಿಷು ಹಿಂದಿ ಮಾತ್ರ ಅಂದ್ರೆ ಕನ್ನಡ ಮೀಡಿಯಂ ಮಕ್ಕಳ ಮುಖ ಸಣ್ಣ ಆಗುತ್ತೆ, ಆಗ ನಾನೂ ಕನ್ನಡ ಮೀಡಿಯಂನೋನೇ ಅಂತ ಹೇಳ್ಬೇಕಾಗುತ್ತೆ. ಹುಡುಗೀರಿಗೆ ನಾನು ಹೇಳೋದು, 2022ರಲ್ಲಿ ಮೊದಲ ಬ್ಯಾಚ್ ಸೇರ್ತು, ಅವ್ರಲ್ಲಿ 17 ಜನ 2025ರ ಮೇ ತಿಂಗಳಲ್ಲಿ ಪಾಸೌಟ್ ಆದ್ರು. ಹೋದ ಸಲ ಒಂದು ಹುಡುಗಿ ಎದ್ದು "ಫ್ರಂಟ್ ರೋಲ್ ಈಗ ಹೊಡೆದು ತೋರಿಸ್ತೀರಾ ಸರ್" ಅಂದ್ಲು. ನಮ್ಮ ಕಮೋಡೋರು ತೋರ್ಸೋಕೆ ಹೊರಟೇಬಿಟ್ಟಿದ್ದ, ಭಾಭಿ ಕೈ ಹಿಡಿದು ಕೂರಿಸಿದ್ರು.

ಈಗ ಬಗೆಹರಿಯದೆ ಉಳಿದಿರೋದು ಒಂದೇ, ನಾವೆಲ್ಲ ಮುಗಿದ ಮೇಲೆ ಟ್ರಸ್ಟಿನ ಉಳಿದ ದುಡ್ಡು ಎಲ್ಲಿಗೆ ಹೋಗ್ಬೇಕು ಅನ್ನೋದು. ಅರ್ಧ ಜನ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿಗೆ ಅಂತಾರೆ, ಅರ್ಧ ಜನ ಬೋರ್ಡ್ ಔಟ್ ಆದ ಕೆಡೆಟ್‌ಗಳಿಗೇ ಅಂತ ಬೇರೆ ಕಟ್ಟಿಡೋಣ ಅಂತಾರೆ, ನಾನು ಎರಡನೇ ಪಾರ್ಟಿ. ಬರೋ ಜನವರೀಲಿ ಸಾಗರದಲ್ಲಿ ಸೇರ್ತೀವಿ, ಜೋಗ ನೋಡೋದು ನೆಪ. ಊಟಕ್ಕೆ ಮುಂಚೆ ಈ ವಿಷಯ ಎತ್ತಿದ್ರೆ ಜಗಳ, ಊಟ ಆದ್ಮೇಲೆ ಎತ್ತಿದ್ರೆ ಎಲ್ರೂ ನಿದ್ದೆ, ಹಂಗಾಗಿ ಸಂಜೆ ಕಾಫಿಗೆ ಇಟ್ಟಿದೀನಿ, ರಮ್ ಬಾಟ್ಲಿ ಓಪನ್ ಮಾಡೋಕೆ ಮುಂಚೆ ಕೈ ಎತ್ತಿಸಿ ಮುಗಿಸೋದು ಅಂತ.